ಹನ್ನೊಂದನೇ ತಳಿಯ ಎಲೆ

ಬೈಕಂಪಾಡಿಯ ನಮ್ಮ ಲ್ಯಾಬಿಗೆ ಘಟ್ಟದ ಮೇಲಿನ ತಳಿಗಾರರೊಬ್ಬರು ಇಪ್ಪತ್ನಾಲ್ಕು ಮೆಕ್ಕೆಜೋಳ ತಳಿಗಳ ಎಲೆಗಳನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಕಳುಹಿಸಿದ್ದರು. ಯಾವ ತಳಿ ಯಾವುದಕ್ಕೆ ಹತ್ತಿರ, ಯಾವುದು ದೂರ ಎಂದು ಜೆಲ್ ಮೇಲೆ ಗೆರೆಗಳಾಗಿ ಕಾಣುವ ಡಿಎನ್ಎ ಮಾರ್ಕರ್‌ಗಳಿಂದ ನೋಡಿ ಹೇಳುವುದು ನನ್ನ ಕೆಲಸ. ದೂರದವುಗಳನ್ನು ಕೂಡಿಸಿದರೆ ಒಳ್ಳೆಯ ಹೈಬ್ರಿಡ್ ಬರುವ ಸಾಧ್ಯತೆ ಹೆಚ್ಚು. ಎರಡು ತಳಿ ಒಂದೇ ಎಂದು ತಿಳಿದರೆ ಒಂದನ್ನು ಕೈಬಿಡುತ್ತಾರೆ.

ಮಂಗಳವಾರ ಬೆಳಿಗ್ಗೆ, ಹಿಂದಿನ ದಿನ ಹಾಕಿದ್ದ ಗೆರೆಗಳ ಲೆಕ್ಕವನ್ನು ಮತ್ತೊಮ್ಮೆ ನೋಡುತ್ತಿದ್ದೆ. ಏಳು ಮತ್ತು ಹನ್ನೊಂದನೇ ತಳಿಗಳು ಇಪ್ಪತ್ತಕ್ಕೆ ಇಪ್ಪತ್ತು ಮಾರ್ಕರ್‌ಗಳಲ್ಲೂ ಒಂದೇ. ಆದರೆ ತಳಿಗಾರರ ಪಟ್ಟಿಯ ಪ್ರಕಾರ ಏಳರದ್ದು ಬಿಳಿ ಕಾಳು, ಹನ್ನೊಂದರದ್ದು ಹಳದಿ. ನನಗೆ ನಂಬಿಕೆಯಾಗಲಿಲ್ಲ. ಎಲೆ ಅರೆದು ಟ್ಯೂಬ್ ತುಂಬಿಸಿದ್ದ ಸೀನಿಯರ್ ಸರ್ ಚಹಾ ಕುಡಿಯುತ್ತಿದ್ದರು. ಅವರನ್ನೇ ಕೇಳಿದೆ.

"ಹನ್ನೊಂದರ ಎಲೆ ಕೊಳೆತು ಹೋಗಿತ್ತು ಮಾರಾಯ್ತಿ. ಐಸ್ ಎಲ್ಲ ಕರಗಿತ್ತಲ್ಲ? ಏಳರದ್ದು ಜಾಸ್ತಿ ಇತ್ತು, ಸ್ವಲ್ಪ ಹಾಕಿದೆ."

"ಅದರ ಟ್ಯೂಬಿಗೆ ಏಳರ ಎಲೆಯಾ ಸರ್?"

"ಮತ್ತೆಂತ ಮಾಡುದು? ಟ್ಯೂಬ್ ಇಡುವ ಪ್ಲೇಟಿನಲ್ಲಿ ಒಂದು ಗುಂಡಿ ಖಾಲಿ ಬಿಟ್ರೆ ನೋಡ್ಲಿಕ್ಕೆ ಚಂದ ಉಂಟಾ?"

ಚಂದ! ಎಲೆ ಹಾಳಾಗಿದೆ ಎಂದು ಒಂದು ಸಾಲು ಬರೆದಿಟ್ಟಿದ್ದರೆ ಸಾಕಿತ್ತು. ಅದಕ್ಕಿಂತ ಹೊಟ್ಟೆ ಉರಿಸಿದ್ದು ಇನ್ನೊಂದು: ಇದೆಲ್ಲ ಗೊತ್ತಿದ್ದೂ ಅವರು ನನ್ನ ಲೆಕ್ಕವನ್ನು ಆಗಲೇ ತಳಿಗಾರರಿಗೆ ಕಳುಹಿಸಿಬಿಟ್ಟಿದ್ದರು.

ಮಧ್ಯಾಹ್ನ ತಳಿಗಾರರ ಫೋನ್ ಬಂತು. ನಾನೇ ಎತ್ತಿದೆ.

"ಮೇಡಂ, ಹನ್ನೊಂದು ಏಳರ ನಕಲೇ ಅಂತ ಬಂದೈತಲ್ರೀ. ಎಂಟು ಸಲ ತೆನಿಗೆ ಚೀಲ ಕಟ್ಟಿ, ಬ್ಯಾರೆ ಪರಾಗ ತಾಗದಂಗ ನೋಡ್ಕೊಂಡು ಮಾಡಿದ ತಳಿ ಅದು. ಕಾಳಿನ ಬಣ್ಣ ಬ್ಯಾರೆ ಐತಿ, ಆದ್ರ ಲ್ಯಾಬ್‌ನವ್ರ ನೀವ ಹೇಳಿದ ಮ್ಯಾಲೆ ಹೋಗ್ಲಿ ಬಿಡ್ರಿ, ಈ ಸಲ ಬಿತ್ತಂಗಿಲ್ಲ, ತೆಗದ ಹಾಕ್ತೀನಿ."

ಸರ್ ಎದುರಿನಿಂದ ಸುಮ್ಮನಿರು ಎಂದು ಕಣ್ಣಲ್ಲೇ ಹೇಳಿದರು. ನಾನು ಬೆನ್ನು ತಿರುಗಿಸಿದೆ.

"ತೆಗೆಯಬೇಡಿ ಸರ್. ನಾವು ಹನ್ನೊಂದನ್ನು ಪರೀಕ್ಷೆಯೇ ಮಾಡಿಲ್ಲ. ಅದರ ಟ್ಯೂಬಿನಲ್ಲಿದ್ದದ್ದು ಏಳರ ಎಲೆ."

"ಹಂಗಾರ ಹನ್ನೊಂದರದ್ದು ಇನ್ನೊಮ್ಮೆ ಕಳಸ್ಲೇನ್ರಿ?"

ಫೋನ್ ಕೈಯಲ್ಲಿ ಮುಚ್ಚಿ ಹಿಂದೆ ತಿರುಗಿದೆ. "ಸರ್, ಬೇರೆ ಯಾವುದಾದ್ರೂ ಹೀಗೆ ತುಂಬಿಸಿದ್ದುಂಟಾ?"

"ಇಲ್ಲ ಅಂತ ಕಾಣ್ತದೆ," ಎಂದವರು ಮೇಲೆ ಫ್ಯಾನ್ ನೋಡಿ ಬೆರಳು ಮಡಚತೊಡಗಿದರು. "ತಡಿ, ಹತ್ತೊಂಬತ್ತು..."

ಅವರ ಎಣಿಕೆ ಮುಗಿಯುವವರೆಗೆ ನಾನು ಕಾಯಲಿಲ್ಲ.

"ಇಪ್ಪತ್ನಾಲ್ಕನ್ನೂ ಕಳುಹಿಸಿ ಸರ್," ಎಂದೆ ಫೋನಿನಲ್ಲಿ. "ಈ ಸಲ ಎಲೆ ನಾನೇ ಅರೆಯುತ್ತೇನೆ."