ಹೂಂಗುಟ್ಟುವ ಪೆಟ್ಟಿಗೆ

ಮನೆಗೆ ಯಾರಾದರೂ ಬಂದರೆ ನಮ್ಮಕ್ಕ ಮೊದಲು ಮುಖ ನೋಡುವುದಿಲ್ಲ, ಬಾಗಿಲಲ್ಲಿ ತಲೆ ತಗ್ಗಿಸಿದರೋ ಇಲ್ಲವೋ ನೋಡುತ್ತಾಳೆ. ತಗ್ಗಿಸಿದರೆ ಅವರ ಎತ್ತರ ಎಷ್ಟೆಂದು ಅಷ್ಟರಲ್ಲೇ ಲೆಕ್ಕ ಹಾಕಿಬಿಟ್ಟಿರುತ್ತಾಳೆ. ಕಂಡವರ ಮನೆಯ ಮೆಟ್ಟಿಲು ಹತ್ತುವಾಗ ನಡುವೆ ನಿಂತು, "ಇದೊಂದು ಮೆಟ್ಟಿಲು ಬೆರಳಷ್ಟು ಎತ್ತರ ಆಗಿದೆ, ಯಾರಾದ್ರೂ ಮುಗ್ಗರಿಸ್ತಾರೆ" ಎಂದು ಮನೆಯವರ ಎದುರಿಗೇ ಹೇಳಿ ನನ್ನ ಮಾನ ಕಳೆಯುತ್ತಾಳೆ. ನಾನು ಅವಳಿಗೆ ಇಟ್ಟ ಹೆಸರು ಅಳತೆಗೋಲು. ಕಟ್ಟುವವರಿಗೆ ಮನೆಗಳ ನಕ್ಷೆ ಬರೆದುಕೊಡುವುದು ಅವಳ ಕಸುಬು.

ಶುರುವಿನಲ್ಲಿ ಕೈಯಲ್ಲೇ ಬರೆಯುತ್ತಿದ್ದಳು. ಟ್ರೇಸಿಂಗ್ ಕಾಗದದ ಮೇಲೆ ಶಾಯಿಯ ಗೆರೆ. ತಪ್ಪಿದರೆ ಬ್ಲೇಡಿನಿಂದ ನವಿರಾಗಿ ಹೆರೆದು ಮತ್ತೆ ಗೆರೆ. ಕಂಪ್ಯೂಟರು ಬಂದಾಗ ಕಚೇರಿಯ ಹಳಬರೆಲ್ಲ ಗೊಣಗಿದರು, ಇವಳು ಕಲಿತಳು. ಕಚೇರಿ ಜನರನ್ನು ಕಡಿಮೆ ಮಾಡಿದಾಗ ಮನೆಯಲ್ಲೇ ಕೂತು ಅದೇ ಕಚೇರಿಗೆ ನಕ್ಷೆ ಮಾಡಿಕೊಡಲು ಒಪ್ಪಿಕೊಂಡಳು. ಅಷ್ಟು ಹೊತ್ತಿಗೆ ಭಾವ ಬೇರೆ ಸಂಸಾರ ಹೂಡಿ ಹೋಗಿದ್ದ. ಅವನ ಮಾತು ಇಲ್ಲಿ ಬೇಡ, ಎತ್ತಿದರೆ ನನ್ನ ಬಾಯಿ ಕೆಡುತ್ತದೆ.

ಮನೆಗೆ ಕಂಪ್ಯೂಟರು ತರುವಾಗ ನಾನೂ ಜೊತೆಗಿದ್ದೆ. ಬಿಡಿಭಾಗ ಆರಿಸಿ ಜೋಡಿಸಿಕೊಡುತ್ತೇನೆ ಎಂದೆ. ಕಂಪ್ಯೂಟರು, ಪ್ರಿಂಟರು ರಿಪೇರಿ ಮಾಡುವುದೇ ನನ್ನ ಹೊಟ್ಟೆಪಾಡು. ಹಿತ್ತಲ ಗಿಡ ಮದ್ದಲ್ಲವಲ್ಲ. ಕಂಪನಿಯೇ ಜೋಡಿಸಿ ಮುಚ್ಚಿ ಕಳಿಸಿದ ಕಪ್ಪು ಪೆಟ್ಟಿಗೆಯೇ ಬೇಕೆಂದಳು. ಅದನ್ನು ಮೇಜಿನ ಕೆಳಗೆ, ಬೆನ್ನು ಗೋಡೆಗೆ ತಾಗುವಂತೆ ಇಟ್ಟು, ನನ್ನನ್ನೂ ತನ್ನ ಮಗನನ್ನೂ ಎದುರಿಗೆ ನಿಲ್ಲಿಸಿಕೊಂಡು ಹೇಳಿದಳು: "ಇದು ನಮಗೆ ಅನ್ನ ಹಾಕೋ ಪೆಟ್ಟಿಗೆ. ಯಾರಾದ್ರೂ ಬಿಚ್ಚಿದ್ರೆ ಕೈ ಮುರೀತೀನಿ."

"ಹೂಂ" ಎಂದ ಮಗ.

ಅವನು ಎಲ್ಲದಕ್ಕೂ ಹೂಂ ಎನ್ನುವವನೇ. ಊಟ ಆಯ್ತಾ, ಹೂಂ. ಪರೀಕ್ಷೆ ಹೇಗಿತ್ತೋ, ಹೂಂ. ನಾನು ಅವನನ್ನು ಹೂಂ ಮಹಾರಾಯ ಎಂದೇ ಕರೆಯುತ್ತಿದ್ದೆ. ಅಕ್ಕ ಮೇಜಿನ ಮುಂದೆ ಕೂತು ಪರದೆಯ ಮೇಲಿನ ಮನೆಯನ್ನು ತಿರುಗಿಸುತ್ತ, ಇಲ್ಲಿ ಕಿಟಕಿ ಸಾಕೇನೋ, ಅಡುಗೆಮನೆಗೆ ಬೆಳಕು ಬರುತ್ತೇನೋ ಎಂದು ಕೇಳುತ್ತಿದ್ದಳು. ಅವನು ಪಕ್ಕದ ಕುರ್ಚಿಯಲ್ಲಿ ಪುಸ್ತಕ ಹಿಡಿದು, ತಲೆ ಎತ್ತದೆ ಹೂಂಗುಟ್ಟುತ್ತಿದ್ದ. ಅವನ ಹೂಂ ಇಲ್ಲದೆ ಅವಳು ಒಂದು ಬಾಗಿಲನ್ನೂ ಕೂರಿಸುತ್ತಿರಲಿಲ್ಲ.

ಅವನು ಕಾಲೇಜಿಗೆ ಸೇರಿದ ವರ್ಷ ಅಕ್ಕನ ಸ್ಕೇಲು ಕಳೆಯಿತು. ಗೇಣುದ್ದದ, ಮೂರು ಮೂಲೆಯ ಮರದ ಸ್ಕೇಲು. ಅವಳಿಗೆ ಕೆಲಸ ಕಲಿಸಿದ ಹಿರಿಯರು ನಿವೃತ್ತರಾಗುವಾಗ ಕೊಟ್ಟದ್ದು. ಬೇರೆಯವರ ಸ್ಕೇಲುಗಳ ಜೊತೆ ಬೆರೆಯದಿರಲಿ ಎಂದು ತುದಿಗೆ ಕೆಂಪು ಶಾಯಿಯ ಚುಕ್ಕೆ ಇಟ್ಟಿದ್ದಳು. ಕಂಪ್ಯೂಟರು ಬಂದಮೇಲೆ ಅದರಿಂದ ಕೆಲಸವೇನೂ ಇರಲಿಲ್ಲ, ಆದರೂ ಕೈಗೆ ಸಿಗುವ ಹಾಗೆ ಇರಬೇಕಿತ್ತು. ಮನೆಯಲ್ಲಿ ಇದ್ದವರು ಇಬ್ಬರೇ. ಅವಳು ಎರಡು ದಿನ ಕೆಲಸದ ಮೇಲೆ ಪರವೂರಿಗೆ ಹೋಗಿ ಬಂದಾಗ ಸ್ಕೇಲು ಮೇಜಿನ ಮೇಲೆ ಇರಲಿಲ್ಲ. ಕೇಳಿದರೆ ಮಗ, "ಸಿಗುತ್ತೆ ಬಿಡಮ್ಮ" ಎಂದ. ಮುಖ ಮಾತ್ರ ಕುಂಬಳಕಾಯಿ ಕಳ್ಳನ ಮುಖ. ಅವನು ಅದನ್ನು ಮಾರಿಕೊಂಡಿದ್ದಾನೆ ಎಂದು ಅವಳ ತಲೆಗೆ ಹೊಕ್ಕಿತು.

"ಹುಟ್ಟಿದ ಮನೇಲೇ ಕದಿಯೋನು ನಾಳೆ ಇನ್ನೆಲ್ಲಿ ಕೈ ಹಾಕ್ತೀಯೋ, ಕಳ್ಳ" ಎಂದುಬಿಟ್ಟಳು. ಅವನು ಹೂಂ ಎನ್ನಲಿಲ್ಲ. ಅವಳು ಮಾತು ಬಿಟ್ಟಳು. ಆ ವಾರವೇ ಕಾಲೇಜಿಗೆ ಹೋಗುವ ಬಸ್ಸಿನ ಬಾಗಿಲಿನಿಂದ ಬಿದ್ದವನು ಮತ್ತೆ ಏಳಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆ ಮಾತು ಹೋಗಲಿಲ್ಲ. ಅವಳ ಮನೆಯಲ್ಲೇ ಉಳಿಯಿತು.

ಕಾರ್ಯಗಳೆಲ್ಲ ಮುಗಿದು ಅಕ್ಕ ಮತ್ತೆ ಕೆಲಸಕ್ಕೆ ಕೂತ ಮೇಲೆ ಒಂದು ಮಧ್ಯಾಹ್ನ ನನಗೆ ಫೋನು ಮಾಡಿ ಕರೆಸಿಕೊಂಡಳು. ಪರದೆಯ ಮೇಲೆ ಒಂದು ಮನೆಯನ್ನು ತಿರುಗಿಸಿದಳು. ಗೋಡೆ, ಮೆಟ್ಟಿಲು, ಮಾಡು ಎಲ್ಲ ಸುತ್ತು ಬರುವಾಗ ಮೇಜಿನ ಕೆಳಗಿನಿಂದ ಸದ್ದೊಂದು ಎದ್ದಿತು. ತಗ್ಗಿನಲ್ಲಿ ಶುರುವಾಗಿ, ತುಸು ಏರಿ, ನಿಂತಿತು. ಹೂಂ.

"ಕೇಳಿಸ್ತಾ?" ಎಂದಳು.

"ಫ್ಯಾನು ಅಕ್ಕ. ಹಳೇ ಮಿಷನ್ನು, ಧೂಳು ಕೂತಿದೆ. ಬಿಚ್ಚಿ ಒರೆಸಿಕೊಡ್ತೀನಿ."

"ಮೊದಲು ಈ ಸದ್ದು ಇರಲಿಲ್ಲ ಕಣೇ. ನಾನು ಅಂದ ಆ ಮಾತಿನ ಆಸುಪಾಸಿಗೆ ಶುರುವಾಗಿದ್ದು. ಮುಟ್ಟಬೇಡ."

ಆಮೇಲೆ ಯಾರಿಗೂ ಮುಟ್ಟಲು ಬಿಡಲಿಲ್ಲ. ಮಗನ ಕುರ್ಚಿ ಪಕ್ಕದಲ್ಲೇ ಇತ್ತು. ಅವಳು ಕಿಟಕಿ ಇಟ್ಟು, ಮನೆ ತಿರುಗಿಸಿ, "ಸಾಕೇನೋ?" ಎಂದು ಕೇಳುವುದು, ಕೆಳಗಿನಿಂದ ಹೂಂ ಬರುವುದು. ನಾನು ಹೋದಾಗಲೆಲ್ಲ ಇದು ನಡೆಯುತ್ತಿತ್ತು. ನಾನು ಫ್ಯಾನುಗಳನ್ನು ಬಿಚ್ಚಿ ಎಣ್ಣೆ ಬಿಟ್ಟು ಬದುಕುವವಳು, ದೆವ್ವ ಭೂತ ಎಂದರೆ ನಗುವವಳು. ಆದರೂ ಆ ಕೋಣೆಯಲ್ಲಿ ಆ ಕುರ್ಚಿಯ ಮೇಲೆ ಕೂರಲು ನನಗೆ ಧೈರ್ಯ ಬರಲಿಲ್ಲ. ಒಂದು ಸಲ ಅವಳು ಬಟ್ಟೆ ಒಣಹಾಕಲು ಹೋಗಿದ್ದಾಗ ನಾನೊಬ್ಬಳೇ ಇದ್ದೆ. ಯಾರೂ ಮೌಸು ಮುಟ್ಟಿರಲಿಲ್ಲ, ಪೆಟ್ಟಿಗೆ ತಾನಾಗಿ ಹೂಂ ಎಂದಿತು. ಕಾದ ಪೆಟ್ಟಿಗೆ ಬಿಸಿ ಹೊರಹಾಕುತ್ತದೆ, ಅಷ್ಟೇ. ಗೊತ್ತಿದ್ದೂ ನಾನು ಅಂಗಳಕ್ಕೆ ಓಡಿದೆ.

ವರ್ಷಗಳು ಹೀಗೇ ಕಳೆದವು. ಕಳೆದ ತಿಂಗಳು ಕಚೇರಿಯವರು ನಕ್ಷೆಯ ಸಾಫ್ಟ್‌ವೇರ್ ಬದಲಾಯಿಸಿದರು. ಹೊಸದು ಅಕ್ಕನ ಪೆಟ್ಟಿಗೆಯಲ್ಲಿ ತೆರೆದ ಕೂಡಲೇ ಮುಚ್ಚಿಕೊಳ್ಳುತ್ತಿತ್ತು. ಈ ಮಿಷನ್ನಿನ ಗ್ರಾಫಿಕ್ಸ್ ಸಾಲದು ಎಂದು ಬರೆದು ತೋರಿಸುತ್ತಿತ್ತು. ಸೋಮವಾರದೊಳಗೆ ಸರಿಮಾಡಿಕೊಳ್ಳಿ, ಇಲ್ಲವಾದರೆ ಕೆಲಸ ಬೇರೆಯವರಿಗೆ ಹೋಗುತ್ತದೆ ಎಂದರು. ಅವಳಿಗೆ ಬೇರೆ ಆದಾಯವಿಲ್ಲ, ಬೇರೆ ಕೆಲಸವೂ ಬಾರದು. ಕೊನೆಗೆ ನನ್ನನ್ನು ಕರೆದಳು.

"ಬಿಚ್ಚು. ಆದ್ರೆ ಆ ಸದ್ದು ಹೋಗಬಾರದು."

"ಸದ್ದು ಪೆಟ್ಟಿಗೆ ಫ್ಯಾನಿಂದು. ಅದನ್ನ ನಾನು ಮುಟ್ಟೋದೇ ಇಲ್ಲ. ಖಾಲಿ ಜಾಗಕ್ಕೆ ಒಂದು ಕಾರ್ಡು ಸೇರಿಸ್ತೀನಿ ಅಷ್ಟೆ."

"ಆಣೆ?"

"ನಿನ್ನಾಣೆ."

ಆ ಪೆಟ್ಟಿಗೆಗೆ ಪರದೆಯ ಚಿತ್ರಗಳನ್ನು ಸರಾಗವಾಗಿ ತಿರುಗಿಸುವ ಗ್ರಾಫಿಕ್ಸ್ ಕಾರ್ಡು ಇಲ್ಲ ಎಂಬುದು ಕೊಂಡ ದಿನದಿಂದ ನನಗೆ ಗೊತ್ತು, ಮಗ್ಗುಲಿಗೆ ಅಂಟಿಸಿದ ಚೀಟಿಯಲ್ಲೂ ಹಾಗೇ ಇತ್ತು. ಇಂಥ ಪೆಟ್ಟಿಗೆಗಳಲ್ಲಿ ಕರೆಂಟು ಕೊಡುವ ಸಪ್ಲೈ ಬಡಕಲು. ಬೇರೆ ವೈರು ಕೇಳದೆ, ಕೂತ ಸ್ಲಾಟಿನಿಂದಲೇ ಕರೆಂಟು ಎಳೆದುಕೊಳ್ಳುವ ಕಾರ್ಡು ಹುಡುಕಿ ತಂದೆ. ಭಾನುವಾರ ಬೆಳಿಗ್ಗೆ ಮೇಜಿನ ಕೆಳಗೆ ನುಗ್ಗಿ, ಹಿಂದಿನ ವೈರುಗಳನ್ನು ತಡಕಾಡಿ ಕಿತ್ತು, ಪೆಟ್ಟಿಗೆಯನ್ನು ಬೆಳಕಿಗೆ ಎಳೆದೆ. ಎರಡು ಸ್ಕ್ರೂ ತೆಗೆದು ಮಗ್ಗುಲ ತಗಡು ಸರಿಸಿದೆ.

ಖಾಲಿ ಇರಬೇಕಾದ ಜಾಗದಲ್ಲಿ ಒಂದು ಕಾರ್ಡು ಇತ್ತು.

ಹಳೆಯದು, ಯಾರೋ ಬಳಸಿ ಬಿಟ್ಟದ್ದು. ಅದರ ಫ್ಯಾನಿನ ಮೇಲೆ ಧೂಳು ಕಂಬಳಿಯಷ್ಟು ದಪ್ಪ ಕೂತಿತ್ತು. ಕಾರ್ಡನ್ನು ಹಿಡಿದಿಡುವ ಪ್ಲಾಸ್ಟಿಕ್ ಕೊಕ್ಕೆ ಮುರಿದಿತ್ತು. ಕೂರಿಸಲು ಗೊತ್ತಿಲ್ಲದ ಕೈ ಒತ್ತಿ ಮುರಿದದ್ದು. ಹಾಗೇ ಬಿಟ್ಟರೆ ಕಾರ್ಡು ಜೋತುಬೀಳಬೇಕು. ಬಿದ್ದಿರಲಿಲ್ಲ. ಪೆಟ್ಟಿಗೆಯ ತಳದಿಂದ ಕಾರ್ಡಿನ ಅಂಚಿನವರೆಗೆ ಏನೋ ಒಂದು ಕಂಬದ ಹಾಗೆ ನಿಂತು ಅದನ್ನು ಹೊತ್ತಿತ್ತು. ಬೆರಳಿನಿಂದ ಧೂಳು ಒರೆಸಿದೆ. ಮರ. ಗೆರೆಗಳು, ಅಂಕಿಗಳು. ತುದಿಯಲ್ಲಿ ಕೆಂಪು ಚುಕ್ಕೆ.

ಅಕ್ಕ ಹಿಂದೆ ನಿಂತಿದ್ದಳು, ನಾನು ಹೇಳುವ ಮೊದಲೇ ನೋಡಿಬಿಟ್ಟಿದ್ದಳು. ನನ್ನ ಪಕ್ಕ ನೆಲದ ಮೇಲೆ ಬಂದು ಕೂತಳು.

ಅವಳು ಊರಲ್ಲಿಲ್ಲದ ಆ ಎರಡು ದಿನದಲ್ಲಿ ಹುಡುಗ ಯಾರಿಂದಲೋ ಹಳೇ ಕಾರ್ಡು ತಂದು ಹಾಕಿದ್ದ, ಅಮ್ಮನ ಮನೆಗಳು ತಡೆಯಿಲ್ಲದೆ ತಿರುಗಲಿ ಎಂದು. ಕೊಕ್ಕೆ ಮುರಿಯಿತು. ಆಸರೆಗೆ ಕೈಗೆ ಸಿಕ್ಕಿದ್ದರಲ್ಲಿ ಅಳತೆ ಸರಿಹೋದದ್ದು ಇದೊಂದೇ ಇರಬೇಕು. ಸ್ಕೇಲು ಎಲ್ಲಿದೆ ಎಂದು ಹೇಳಿದರೆ ಪೆಟ್ಟಿಗೆ ಬಿಚ್ಚಿದ್ದೂ ಹೇಳಬೇಕಾಗುತ್ತಿತ್ತು. ಬೇರೆ ಆಸರೆ ಸಿಕ್ಕ ಕೂಡಲೇ ತೆಗೆದುಕೊಡೋಣ ಎಂದುಕೊಂಡಿದ್ದನೋ ಏನೋ.

"ಕಳ್ಳ ಅಂದೆ ಕಣೇ" ಎಂದಳು ಅಕ್ಕ. "ನನ್ನ ಕಾಲ ಹತ್ರಾನೇ ಇತ್ತು. ದಿನಾ ಒದ್ದುಕೊಂಡು ಕೂತಿದ್ದೆ."

ನನಗೆ ಇನ್ನೊಂದು ಹೆದರಿಕೆ ಹತ್ತಿತ್ತು. ಆ ಸದ್ದು ಪೆಟ್ಟಿಗೆಯದಲ್ಲ, ಈ ಕಾರ್ಡಿನ ಫ್ಯಾನಿನದು. ಹೊಸದು ಕೂರಬೇಕಾದ ಸ್ಲಾಟು ಇದೊಂದೇ. ನಾನು ಇಟ್ಟ ಆಣೆ ನಿಲ್ಲುವ ಹಾಗಿರಲಿಲ್ಲ. ಅದನ್ನು ಅವಳಿಗೆ ಹೇಳಿದೆ. ಬೇಡವೆಂದರೆ ಮುಚ್ಚಿಬಿಡುತ್ತೇನೆ, ಕಚೇರಿಯವರು ಹಾಳಾಗಿ ಹೋಗಲಿ, ನನ್ನ ಮನೆಗೆ ಬಂದು ಇರು ಎಂದೆ.

ಅಕ್ಕ ಬಗ್ಗಿ ಕಾರ್ಡಿನ ಅಂಚು ಮುಟ್ಟಿದಳು. "ಕೆಲಸ ನಡೀಲಿ ಅಂತ ತಾನೆ ಹಾಕಿದ್ದು" ಎಂದಳು. "ತೆಗಿ."

ತೆಗೆದೆ. ಅವಳು ಅದನ್ನು ಮಡಿಲಲ್ಲಿ ಇಟ್ಟುಕೊಂಡು ಸೆರಗಿನಿಂದ ಧೂಳು ಒರೆಸಿದಳು. ನಾನು ಹೊಸ ಕಾರ್ಡು ಕೂರಿಸಿದೆ. ಕೊಕ್ಕೆ ಇಲ್ಲದೆ ಅದೂ ಜೋತುಬಿತ್ತು. ಆಸರೆಗೆ ಪ್ಲಾಸ್ಟಿಕ್ ಚೂರೊಂದನ್ನು ಕತ್ತರಿಸಲು ಹೊರಟೆ. ಅಕ್ಕ ನನ್ನ ಕೈ ತಡೆದು, ಸ್ಕೇಲನ್ನು ತಾನೇ ಒಳಗಿಟ್ಟು, ಕೆಂಪು ಚುಕ್ಕೆ ಮೊದಲಿನ ಹಾಗೆ ಮೇಲೆ ಬರುವಂತೆ ನಿಲ್ಲಿಸಿದಳು. ಸರಿಯಾಗಿ ಕೂತಿತು.

"ಅವನ ಅಳತೆ" ಎಂದಳು.

ವೈರು ಸಿಕ್ಕಿಸಿ ಚಾಲೂ ಮಾಡಿದೆ. ಹೊಸ ಸಾಫ್ಟ್‌ವೇರ್ ತೆರೆದುಕೊಂಡಿತು, ಮುಚ್ಚಿಕೊಳ್ಳದೆ ನಿಂತಿತು. ಅಕ್ಕ ಮೌಸು ಹಿಡಿದು ಪರದೆಯ ಮನೆಯನ್ನು ಒಂದು ಸುತ್ತು ತಿರುಗಿಸಿದಳು. ಗೋಡೆ, ಮೆಟ್ಟಿಲು, ಮಾಡು ನೀರಿನ ಹಾಗೆ ಜಾರಿದವು. ಮೇಜಿನ ಕೆಳಗಿನಿಂದ ಏನೂ ಕೇಳಲಿಲ್ಲ.

ಅವಳು ಪಕ್ಕದ ಕುರ್ಚಿಯ ಕಡೆ ತಿರುಗಿದಳು. ಇಷ್ಟು ವರ್ಷ ಕಿಟಕಿ ಕೇಳಿದ್ದಳು, ಬಾಗಿಲು ಕೇಳಿದ್ದಳು, ಇದೊಂದನ್ನು ಕೇಳಿರಲಿಲ್ಲ.

"ತಪ್ಪಾಯ್ತು ಮಗಾ. ಕ್ಷಮಿಸ್ತೀಯೇನೋ?"

ನಾನೂ ಉಸಿರು ಹಿಡಿದು ಕಾದೆ. ಅಕ್ಕ ಮನೆಯನ್ನು ಇನ್ನೊಂದು ಸುತ್ತು ತಿರುಗಿಸಿದಳು, ಮತ್ತೊಂದು ಸುತ್ತು, ಇನ್ನೂ ಜೋರಾಗಿ. ಪೆಟ್ಟಿಗೆ ಸುಮ್ಮನೆ ಇತ್ತು.