ಜರಿ ಅಂಚಿನ ವಾಯರು

ಸಂಸ್ಥಾನ ಹೋಗಿ ನಾವೆಲ್ಲ ಮುಂಬೈ ರಾಜ್ಯದವರಾಗಿದ್ದ ಆ ದಿನಗಳಲ್ಲಿ, ಮೋಟಾರು ಎಂದರೆ ತಳ್ಳುವ ವಸ್ತು ಎಂದೇ ರಬಕವಿಯ ನಮ್ಮ ಓಣಿಯ ಮಕ್ಕಳು ತಿಳಿದಿದ್ದೆವು. ತಪ್ಪು ನಮ್ಮದಲ್ಲ. ನಾವು ಹತ್ತಿರದಿಂದ ಕಂಡದ್ದು ಮಲ್ಲೇಶಿ ಕಾಕಾನ ಮೋಟಾರು ಒಂದನ್ನೇ.

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಕೈಯಲ್ಲಿ ಸೀರೆ ನೇಯುವ ಕಸುಬು, ತಲೆಯಲ್ಲಿ ಮೋಟಾರಿನ ಹುಚ್ಚು. ಜಮಖಂಡಿಯ ಒಂದು ವಾಡೆಯ ಹಿತ್ತಲಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದ ವಿಲಾಯತಿ ಓಟದ ಕಾರೊಂದನ್ನು ಅದು ಹೇಗೋ ಬಿಡಿಸಿಕೊಂಡು ಬಂದಿದ್ದ. ಎರಡೇ ಸೀಟು, ತಲೆಯ ಮೇಲೆ ಏನೂ ಇಲ್ಲ, ಉದ್ದನೆಯ ಮೂತಿ. ತಿರುವುವ ಹ್ಯಾಂಡಲು ಕಳೆದುಹೋಗಿತ್ತು. ಬ್ಯಾಟರಿ ಸತ್ತು ಎಷ್ಟು ಕಾಲವಾಗಿತ್ತೋ ಆ ಕೋಳಿಗಳೇ ಹೇಳಬೇಕು. ಕಾಕಾ ಸ್ಟೇರಿಂಗು ಹಿಡಿದು ಒಂದು ಕೂಗು ಹಾಕಿದರೆ ಓಣಿಯ ಗಂಡಸರೆಲ್ಲ ಮಗ್ಗ ಬಿಟ್ಟು ಎದ್ದುಬಂದು ತಳ್ಳುತ್ತಿದ್ದರು. ನಾವು ಮಕ್ಕಳು ಸುಮ್ಮನೆ ಕೈ ಹಚ್ಚಿ ಜೋರಾಗಿ ಕಿರುಚುತ್ತಿದ್ದೆವು.

ನನಗೆ ಹತ್ತು ವರ್ಷವಿದ್ದಾಗ ಕಾಕಾನಿಗೆ ಲೋಕಾಪುರದ ಶಾಂತಾ ಎಂಬ ಹುಡುಗಿ ಗೊತ್ತಾದಳು. ಅವಳ ಅಣ್ಣ ರುದ್ರಪ್ಪ ಸಾಲಿ ಮಾಸ್ತರ. ಎಲ್ಲದಕ್ಕೂ ಕರಾರು ಹಾಕುವ ಮನುಷ್ಯ. ನಿಶ್ಚಯದ ದಿನ ಎಲೆಯಡಿಕೆ ಕೈಯಲ್ಲಿ ಹಿಡಿದೇ ಹೇಳಿದರು: "ಬೀಗರ, ಒಂದ ಮಾತು. ನಮ್ಮ ತಂಗಿ ಕುಂತ ಗಾಡಿ ಯಾರೂ ತಳ್ಳಬಾರ್ದು ನೋಡ್ರಿ. ಊರ ಮಂದಿ ನಗತಾರ. ತಳ್ಳೂದಿದ್ರ ಚಕ್ಕಡಿ ತರ್ರಿ."

"ತಳ್ಳೂದಿಲ್ರಿ ಮಾಸ್ತರ. ಬಟನ್ ಒತ್ತತೇನಿ, ಗಾಡಿ ಚಾಲೂ ಆಗತೈತಿ," ಎಂದ ಕಾಕಾ. ಬಟನ್ ಇರುವುದು ನಿಜವಾಗಿತ್ತು. ಉಳಿದದ್ದೆಲ್ಲ ಸುಳ್ಳು.

ಆಗ ಶುರುವಾಯಿತು ಬ್ಯಾಟರಿಯ ಪುರಾಣ. ಕಾಕಾ ಬೆಳಗಾವಿಗೆ ಹೋಗಿ ಹೊಸ ಬ್ಯಾಟರಿ ತಂದ. ಬಸ್ಸಿನ ಟಾಪಿನ ಮೇಲೆ ಹಾಕಲು ಮನಸ್ಸಾಗದೆ ದಾರಿಯುದ್ದಕ್ಕೂ ಕೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಬಂದ. ಕೂಸು ದಾರಿಯಲ್ಲಿ ಒಂದೆರಡು ಸಲ ತುಳುಕಿತ್ತು. ಮರುದಿನ ಆಯಿ, ಎಂದರೆ ನಮ್ಮಜ್ಜಿ, ಅವನ ಧೋತರ ಒಗೆದು ಹಿಂಡಿದರೆ ಆಸಿಡ್ ಬಿದ್ದಲ್ಲೆಲ್ಲ ತೂತು.

"ಏನಪಾ ಮಲ್ಲೇಶಿ, ಜರಡಿ ಉಟ್ಕೊಂಡು ಹೋಗಿದ್ದೇನ?" ಎಂದಳು ಆಯಿ.

ಬ್ಯಾಟರಿ ಬಂತು, ವಾಯರು ಇರಲಿಲ್ಲ. ಹಳೆಯದು ಹಸಿರು ಕಿಲುಬು ಹಿಡಿದು, ಕೈ ಹಚ್ಚಿದರೆ ಉದುರುತ್ತಿತ್ತು. ಆ ಗಾಡಿಗೆ ಸರಿಹೊಂದುವಂಥದ್ದು ಎಲ್ಲೂ ಸಿಗಲಿಲ್ಲ. ನೇಕಾರ ಅಲ್ಲವೇ, ಕಾಕಾ ತಾಮ್ರದ ಎಳೆಗಳನ್ನು ತಂದು ಹುರಿ ಹೊಸೆದ. ಅದರ ಮೇಲೆ ಕೆಂಪು ನೂಲನ್ನು ಒತ್ತೊತ್ತಾಗಿ ಸುತ್ತಿ, ಮೇಣ ಬಳಿದು, ಸೀಟಿನ ಹಿಂದಿದ್ದ ಬ್ಯಾಟರಿಗೆ ಜೋಡಿಸಿದ. ಬಟನ್ ಒತ್ತಿದ. ಗಾಡಿ ಗುರ್ ಎಂದಿತು! ಓಣಿಯ ಗಂಡಸರು ತಳ್ಳಲು ಬಂದವರು ಹಾಗೆಯೇ ನಿಂತುಬಿಟ್ಟರು. ಅವರ ಮುಖದಲ್ಲಿ ಸಂತೋಷಕ್ಕಿಂತ ನಿರಾಶೆಯೇ ಹೆಚ್ಚಾಗಿತ್ತು ಎಂದು ನನ್ನ ಅನುಮಾನ.

ಇಲ್ಲಿ ನನ್ನ ಪ್ರವೇಶ. ನಮ್ಮ ಮನೆಗಳಲ್ಲಿ ಮಕ್ಕಳೇ ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತಬೇಕು. ನಾನು ಎಡಚಿ, ಎಲ್ಲರಿಗಿಂತ ಬೇಗ ಸುತ್ತುತ್ತಿದ್ದೆ, ಎಲ್ಲರಿಗಿಂತ ಹೆಚ್ಚು ಬೈಸಿಕೊಳ್ಳುತ್ತಿದ್ದೆ. ಅರಿಷಿಣ ಹಚ್ಚುವ ದಿನ ಮನೆಮಂದಿಯೆಲ್ಲ ಅಂಗಳದಲ್ಲಿದ್ದಾಗ ನಾನು ಹೋಗಿ ಆ ಕೆಂಪು ವಾಯರನ್ನು ನೋಡಿದೆ. ಅಂಚಿಲ್ಲದ ಸೀರೆಯಂತೆ ಬಣಗುಟ್ಟುತ್ತಿತ್ತು. ಮದುವೆಯ ಗಾಡಿ, ಇಷ್ಟೂ ಇರಬೇಡವೇ? ಮಗ್ಗದ ಮನೆಯಿಂದ ಜರಿಯ ಎಳೆ ತಂದು, ಬ್ಯಾಟರಿಯ ಕೊಂಡಿಗೇ ಗಟ್ಟಿಯಾಗಿ ಗಂಟು ಹಾಕಿ, ವಾಯರಿನ ಉದ್ದಕ್ಕೂ ಚೆಂದಾಗಿ ಸುತ್ತಿದೆ. ಮೇಲೆ ಚಾಪೆ ಮುಚ್ಚಿದೆ. ಜರಿ ಎಂದರೆ ಬೆಳ್ಳಿಯ ತಂತಿ, ಅದರಲ್ಲೂ ಕರೆಂಟು ಹರಿಯುತ್ತದೆ, ಗಾಡಿಯ ಕಬ್ಬಿಣಕ್ಕೆ ಅದು ತಾಗಬಾರದು ಎಂದು ನನಗೆ ಯಾರು ಹೇಳಿದ್ದರು?

ಲೋಕಾಪುರದಲ್ಲಿ ಅಕ್ಕಿಕಾಳು ಬಿದ್ದು ಮದುವೆಯಾಯಿತು. ಮದುಮಗಳನ್ನು ಕರೆದುಕೊಂಡು ಹೊರಟಾಗ ಕಾಕಾ ಬಟನ್ ಒತ್ತಿದ, ಗಾಡಿ ಎದ್ದಿತು. ಯಾರಾದರೂ ತಳ್ಳುತ್ತಿದ್ದಾರೇನೋ ಎಂದು ರುದ್ರಪ್ಪ ಮಾಸ್ತರರು ಗಾಡಿಯ ಹಿಂದೆ ಬಗ್ಗಿ ನೋಡಿದರು. ಅವರು ಮಂದಿಯೊಡನೆ ಹಿಂದಿನ ಬಸ್ಸಿನಲ್ಲಿ ಬರುವುದೆಂದಾಯಿತು. ನಾನು ಕಳಸ ಹಿಡಿದವಳು. ಸೀಟಿನ ಹಿಂದೆ, ಬ್ಯಾಟರಿಯ ಮೇಲಿನ ಹಲಗೆಯ ಮೇಲೆ ಕೂತೆ. "ಮನಿ ಮುಟ್ಟೂತನಾ ಅಲುಗಬ್ಯಾಡ, ಬಾಯಿ ತಗೀಬ್ಯಾಡ, ಕಳಸ ತುಳುಕೀತು," ಎಂದು ಆಯಿ ತಾಕೀತು ಮಾಡಿದ್ದಳು.

ಊರು ದಾಟಿ ಮುಧೋಳದ ದಾರಿಗೆ ಬಿದ್ದೆವು. ಒಂದು ದೊಡ್ಡ ತಗ್ಗಿನಲ್ಲಿ ಗಾಡಿ ಜಿಗಿಯಿತು. ಕೆಳಗೆ ಏನೋ ಚಟ್ ಎಂದಿತು. ನಾನು ಕೂತ ಜಾಗ ಬೆಚ್ಚಗಾಯಿತು. ಆಮೇಲೆ ಬಿಸಿಯಾಯಿತು. ಆಯಿಯ ಮಾತು ನೆನೆದು ತುಟಿ ಕಚ್ಚಿ ಕೂತೆ. ನೂಲು ಸುಟ್ಟ ವಾಸನೆ ಬಂದು, ಲಂಗದ ಸುತ್ತ ಹೊಗೆ ಎದ್ದಾಗ ಆಯಿಯನ್ನು ಮರೆತೆ.

"ಕಾಕಾ, ಬೆಂಕೀ!" ಎಂದು ಚೀರಿ ಕಳಸದ ನೀರನ್ನೆಲ್ಲ ಸುರಿದುಬಿಟ್ಟೆ.

ಗಾಡಿ ನಿಂತಿತು. ಕಾಕಾ ಕೈಗೆ ಶಲ್ಯ ಸುತ್ತಿಕೊಂಡು ವಾಯರು ಕಿತ್ತ. ನಮ್ಮ ಕಡೆ ಬೆನ್ನು ಮಾಡಿ ಸುಟ್ಟ ಭಾಗ ಕತ್ತರಿಸಿ ತೆಗೆದ. ಬಾಸಿಂಗದ ಕೆಳಗಿನ ರುಮಾಲು ಹರಿದು ಉಳಿದ ತಾಮ್ರಕ್ಕೆ ಸುತ್ತಿ, ಎಳೆದು ಮತ್ತೆ ಜೋಡಿಸಿದ. ಬಟನ್ ಒತ್ತಿದರೆ ಟಕ್ ಎಂದಿತು, ಅಷ್ಟೇ. ಬ್ಯಾಟರಿ ಬರಿದಾಗಿತ್ತು. ನನಗೆ ಅಳು ಬಂತು. ಜರಿಯ ಮಾತು ಬಾಯಿಗೆ ಬಂದು ಬಂದು ಒಳಗೇ ಹೋಯಿತು.

"ಏನಾತ್ರಿ?" ಎಂದಳು ಮದುಮಗಳು. ಅವಳು ಕಾಕಾನೊಡನೆ ಆಡಿದ ಮೊದಲ ಮಾತು ಅದು.

"ಇಲಿ ಕಡದೈತಿ," ಎಂದ ಕಾಕಾ ನೆಲ ನೋಡುತ್ತ. "ಇನ್ನ ತಳ್ಳಬೇಕು. ನಿಮ್ಮಣ್ಣನ ಬಸ್ಸು ಈಗ ಬರತೈತಿ. ನನ್ನ ಮರ್ಯಾದಿ ಹೋತು."

ಶಾಂತಾ, ಅಂದಿನಿಂದ ನಮ್ಮ ಕಾಕಿ, ಹಿಂದಿನ ದಾರಿಯತ್ತ ಒಮ್ಮೆ ನೋಡಿದಳು. "ಅಣ್ಣ ಏನಂದಾನ್ರಿ? ನಾ ಕುಂತ ಗಾಡಿ ಯಾರೂ ತಳ್ಳಬಾರ್ದು ಅಂದಾನ. ಹೌದಲ್ರಿ?"

"ಹೌದು."

"ನಾ ಕುಂತರ ಅಲ್ಲೇನ್ರಿ?" ಎಂದವಳೇ ಕೆಳಗಿಳಿದು, ಸೀರೆಯನ್ನು ಕಚ್ಚೆಯಂತೆ ಬಿಗಿದಳು. "ಬಾರವಾ ಕಳಸಗಿತ್ತಿ, ಕೈ ಹಚ್ಚು!"

ಅರಿಷಿಣದ ಕೈಗಳನ್ನು ಹಚ್ಚಿ ಅವಳು ತಳ್ಳಿದಳು. ನಾನು ಆ ದಿನ ಮೊದಲ ಸಲ ನಿಜವಾಗಿ ತಳ್ಳಿದೆ. ಇಳಿಜಾರು ಸಿಕ್ಕಿತು, ಗಾಡಿ ಕೆಮ್ಮಿ ಎದ್ದಿತು, ನಾವು ಓಡಿ ಹತ್ತಿದೆವು. ಬಸ್ಸು ಪಕ್ಕದಲ್ಲಿ ಹಾದುಹೋದಾಗ ಕಾಕಿ ತಲೆ ತಗ್ಗಿಸಿ ನಾಚಿ ಕೂತಿದ್ದಳು. ಮಾಸ್ತರರು ಕಿಟಕಿಯಿಂದ ಕೈಬೀಸಿದರು. ಮುಧೋಳದಲ್ಲಿ ಎಂಜಿನ್ ನಿಲ್ಲಿಸದೆ, ನಾನೇ ಓಡಿಹೋಗಿ ಬಾವಿಯೊಂದರಲ್ಲಿ ಕಳಸ ತುಂಬಿಸಿಕೊಂಡು ಬಂದೆ. ಆಯಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಕಾಕಾ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ ಕಾಕಿ ನನ್ನನ್ನು ಕರೆದು ಟ್ರಂಕು ತೆಗೆದಳು. ಮದುವೆಯ ಸೀರೆಯ ಮಡಿಕೆಯಲ್ಲಿ ಗೇಣುದ್ದದ ಸುಟ್ಟ ವಾಯರು. ಕಪ್ಪಾದ ನೂಲಿನ ಮೇಲೆ ಅಲ್ಲಲ್ಲಿ ಜರಿ.

"ಜರಿ ಸುತ್ತಿದ್ದು ನೋಡು, ಉಲ್ಟಾ ಐತಿ," ಎಂದಳು. "ನಮ್ಮ ಮನ್ಯಾಗ ಎಡಗೈಲೆ ಸುತ್ತಾಕಿ ನೀ ಒಬ್ಬಾಕಿ. ಅವರು ಅವತ್ತ ಗುರ್ತ ಹಿಡದಿದ್ರು. ಯಾರಿಗೂ ಕಾಣಬಾರ್ದು ಅಂತ ಕಿಸೇದಾಗ ಇಟ್ಕೊಂಡ್ರು."

ನನಗೆ ನಗುವೂ ಬಂತು, ಅಳುವೂ ಬಂತು.

ಆ ಗಾಡಿ ಗುಜರಿಗೆ ಹೋಗಿ ಯಾವ ಕಾಲವಾಯಿತೋ. ಓಣಿಯಲ್ಲಿ ಈಗ ಕೈಮಗ್ಗಗಳಿಲ್ಲ, ಕಂಡಿಕೆ ಸುತ್ತುವ ಮಕ್ಕಳೂ ಇಲ್ಲ. ಮನೆಯ ಮುಂದೆ ನಿಂತಿರುವ ನಮ್ಮ ಕಾರು ಬೆರಳು ಮುಟ್ಟಿದರೆ ಸಾಕು, ಚಾಲೂ ಆಗುತ್ತದೆ. ಅದಕ್ಕೆ ಯಾರೂ ಮನೆಬಿಟ್ಟು ಹೊರಗೆ ಬರಬೇಕಾಗಿಲ್ಲ. ಈಗಲೂ ನನ್ನ ಕೈ ಏನಾದರೊಂದು ಕೆಡಿಸುತ್ತಲೇ ಇರುತ್ತದೆ. ಆದರೆ ಅದನ್ನು ಕಿಸೆಗೆ ಹಾಕಿಕೊಂಡು, ಇಲಿ ಕಡಿಯಿತು ಎಂದು ಹೇಳುವವರು ಯಾರೂ ಉಳಿದಿಲ್ಲ.