ಪ್ರಿಂಟರ್ ಸಿಗದ ಮಧ್ಯಾಹ್ನ

ಶಿರಸಿಯ ಹುಬ್ಬಳ್ಳಿ ರಸ್ತೆಯ ಪಾರ್ಸೆಲ್ ಆಫೀಸೊಂದರಲ್ಲಿ ಜಹೀರ್ ಸಾಹೇಬರು ಗಡ್ಡ ಮೂಡುವ ಮುಂಚೆ ಕೆಲಸಕ್ಕೆ ಸೇರಿ, ಗಡ್ಡ ಪೂರ್ತಿ ಬೆಳ್ಳಗಾದ ಮೇಲೆ ಬಿಟ್ಟರು. ಯಲ್ಲಾಪುರಕ್ಕೆ ಹೋಗುವ ಪಂಪ್‌ಸೆಟ್ಟಿನ ಬಿಡಿಭಾಗ, ಸಿದ್ದಾಪುರದ ಬಟ್ಟೆ ಅಂಗಡಿಯ ಗಂಟು, ಭೈರುಂಬೆಯ ಯಾರದೋ ಮನೆಗೆ ಬಂದ ಹೊಲಿಗೆ ಯಂತ್ರ, ಎಲ್ಲವೂ ಅವರ ಕೈ ದಾಟಿಯೇ ಹೋಗಬೇಕು. ಮಾತು ಮಾತ್ರ ಬಹಳ ಕಡಿಮೆ. ‘ಬಂದಿದೆ’, ‘ಬಂದಿಲ್ಲ’, ‘ನಾಳೆ ಬನ್ನಿ’ ಎನ್ನುವುದರಲ್ಲಿ ಅವರ ದಿನದ ವ್ಯವಹಾರ ಮುಗಿದುಹೋಗುತ್ತಿತ್ತು.

ಕಸ್ತೂರಬಾ ನಗರದ ಮನೆಯಲ್ಲಿ ಅಷ್ಟೂ ಬೇಕಾಗುತ್ತಿರಲಿಲ್ಲ. ಅಲ್ಲಿ ಇಬ್ಬರ ಪಾಲಿನ ಮಾತನ್ನೂ ಹೆಂಡತಿ ಶಮ್ಸುನ್ನಿಸಾಳೇ ಆಡುತ್ತಿದ್ದಳು. ಮುಂದಿನ ಕೋಣೆಯಲ್ಲಿ ಮಷಿನ್ ಇಟ್ಟುಕೊಂಡು ಹೆಂಗಸರ ರವಿಕೆ ಹೊಲಿಯುವುದು ಅವಳ ಕಸುಬು. ಅಳತೆ ಕೊಡಲು ಬಂದವರು ಚಹಾ ಕುಡಿದೇ ಏಳಬೇಕು. ಮನೆಯಲ್ಲಿ ಉರ್ದು, ಗಿರಾಕಿಗಳ ಹತ್ತಿರ ಕನ್ನಡ, ಮೀನು ತರುವವಳ ಹತ್ತಿರ ಕೊಂಕಣಿ. ಚೌಕಾಶಿಯಂತೂ ಮೂರರಲ್ಲೂ ಒಂದೇ ಜೋರಿನಲ್ಲಿ. ಜಹೀರ್ ಸಾಹೇಬರು ಒಳಗಿನ ಕೋಣೆಯಲ್ಲಿ ಪೇಪರ್ ಹಿಡಿದು ಕೂತು ಆ ಮಾತನ್ನು ಕೇಳುತ್ತಿದ್ದರು. ಕೇಳುತ್ತಿದ್ದೇನೆ ಎಂದು ಅವರಿಗೆ ಆಗ ತಿಳಿದಿರಲಿಲ್ಲ. ಅದು ನಿಂತ ಮೇಲೆ ತಿಳಿಯಿತು.

ಚಳಿಗಾಲದ ಒಂದು ಬೆಳಿಗ್ಗೆ ಸೂಜಿಗೆ ದಾರ ಪೋಣಿಸುತ್ತಿದ್ದವಳು ಹಾಗೆಯೇ ಒಂದು ಕಡೆಗೆ ವಾಲಿದಳು. ಲಕ್ವ ಎಂದರು ಡಾಕ್ಟರು. ಬಲಗೈ ಬಲಗಾಲು ಬಿದ್ದವು. ಮಾತು ಹೋಯಿತು, ಒಂದೇ ಒಂದು ಶಬ್ದ ಉಳಿಯಿತು: ‘ಬಸ್’. ಸಾಕು ಎನ್ನುವುದಕ್ಕೆ ಅವರ ಮನೆಮಾತಿನಲ್ಲಿ ಹೇಳುವ ಶಬ್ದ. ನೀರು ಬೇಕಾದರೂ ‘ಬಸ್’, ನೀರು ಬೇಡವಾದರೂ ‘ಬಸ್’. ಮಗಳು ಬಂದಾಗ ಅತ್ತದ್ದೂ ‘ಬಸ್, ಬಸ್’ ಎಂದೇ.

ಮಾತು ಹೋದವರಿಗೆ ತರಬೇತಿ ಕೊಡುವ ಅಭಿಜ್ಞಾ ಎನ್ನುವ ಹುಡುಗಿ ವಾರಕ್ಕೊಮ್ಮೆ ಹುಬ್ಬಳ್ಳಿಯಿಂದ ಶಿರಸಿಯ ಆಸ್ಪತ್ರೆಗೆ ಬರುತ್ತಿದ್ದಳು. ಅವಳು ಶಮ್ಸುನ್ನಿಸಾಳನ್ನು ಕೂರಿಸಿ, ಬಾಗಿಲು ಎಲ್ಲಿದೆ, ಕಿಟಕಿ ಎಲ್ಲಿದೆ ಎಂದು ಕೇಳಿ, ಎಡಗೈಯಲ್ಲಿ ತೋರಿಸಲು ಹೇಳಿದಳು. ಎಲ್ಲವನ್ನೂ ಸರಿಯಾಗಿ ತೋರಿಸಿದಾಗ ಅಭಿಜ್ಞಾಳ ಮುಖ ಅರಳಿತು.

“ಅಂಕಲ್, ಆಂಟಿಗೆ ಎಲ್ಲಾ ಅರ್ಥ ಆಗ್ತಿದೆ. ಹೇಳೋಕೆ ಮಾತ್ರ ಆಗ್ತಿಲ್ಲ. ನೀವೊಂದು ಕೆಲಸ ಮಾಡಿ. ಅವ್ರು ದಿನಾ ಬಳಸೋ ಸಾಮಾನಿಂದು, ಮನೆಯವ್ರದ್ದು ಫೋಟೋ ತೆಗೆದು ದೊಡ್ಡದಾಗಿ ಪ್ರಿಂಟ್ ಮಾಡಿ. ಬೇಕಾದ್ದನ್ನ ಅವ್ರು ಮುಟ್ಟಿ ತೋರಿಸ್ತಾರೆ. ಪುಸ್ತಕದ ಚಿತ್ರ ಬೇಡ, ಅವ್ರದೇ ಲೋಟ, ಅವ್ರದೇ ಮಂಚ ಇರ್ಲಿ.”

ಅವಳು ಹಾಸಿಗೆ ಹಿಡಿದ ಅಷ್ಟು ತಿಂಗಳಲ್ಲಿ ಯಾರಾದರೂ ಅವರಿಗೆ ಮಾಡಲು ಒಂದು ಕೆಲಸ ಕೊಟ್ಟದ್ದು ಅದೇ ಮೊದಲು. ಜಹೀರ್ ಸಾಹೇಬರು ಮೊಬೈಲ್ ಹಿಡಿದು ಮನೆಯೆಲ್ಲ ಸುತ್ತಿದರು. ಸ್ಟೀಲಿನ ಲೋಟ, ಫ್ಯಾನು, ಹೊದಿಕೆ, ಮಾತ್ರೆಯ ಡಬ್ಬಿ. ಬಚ್ಚಲಲ್ಲಿ ಅವಳಿಗಾಗಿ ಇಟ್ಟ ತೂತಿನ ಕುರ್ಚಿ, ಅವಳ ಒಳಬಟ್ಟೆ, ಇವನ್ನೂ ತೆಗೆದರು. ಇದಕ್ಕಾಗಿಯೇ ಝೆರಾಕ್ಸ್ ಅಂಗಡಿಗೆ ಹೋಗುವುದು ಅವರಿಗೆ ಬೇಡವಾಯಿತು. ಹೆಂಡತಿಯ ಬಚ್ಚಲಿನ ಚಿತ್ರಗಳು ನಾಲ್ಕು ಜನ ನಿಂತಿರುವ ಅಂಗಡಿಯ ಪರದೆಯ ಮೇಲೆ ಮೂಡುವುದನ್ನು ನೆನೆಸಿಕೊಂಡರೇ ಅವರಿಗೆ ಮೈ ಹಿಡಿಯಾಗುತ್ತಿತ್ತು.

ಮಗಳು ನಿಲೋಫರ್ ಕಾನಸೂರಿನ ಸಹಕಾರಿ ಸೊಸೈಟಿಯೊಂದರಲ್ಲಿ ಗುಮಾಸ್ತೆ. ಮನೆ ಸಿದ್ದಾಪುರದಲ್ಲಿ. ಅವಳು ತನ್ನ ಹಳೆಯ ಲ್ಯಾಪ್‌ಟಾಪನ್ನೂ, ವೈರಿಲ್ಲದೆ ನಡೆಯುವ ಹೊಸ ಪ್ರಿಂಟರನ್ನೂ ತಂದಳು. ಮಡಚಿಟ್ಟ ಹೊಲಿಗೆ ಮಷಿನಿನ ಮೇಜಿನ ಮೇಲೆ ಪ್ರಿಂಟರ್ ಕೂತಿತು. ಫೋಟೋಗಳನ್ನೆಲ್ಲ ಪುಟಪುಟವಾಗಿ ಜೋಡಿಸಿ, ಎಲ್ಲಿ ಒತ್ತಬೇಕು ಎಂದು ಅಪ್ಪನಿಗೆ ತೋರಿಸಿ, ನೋಡಲಿಕ್ಕೆಂದು ಲೋಟದ ಚಿತ್ರವನ್ನು ತೆಗೆದಳು. ಅದನ್ನು ಶಮ್ಸುನ್ನಿಸಾಳ ಮುಂದೆ ಹಿಡಿದಾಗ ಅವಳು ಚಿತ್ರವನ್ನು ಬೆರಳಿನಿಂದ ಕುಟ್ಟಿದಳು. ನೀರು ಕೊಟ್ಟರು. ಗಟಗಟ ಕುಡಿದಳು. ಜಹೀರ್ ಸಾಹೇಬರು ಎದ್ದು ಹಿತ್ತಲಿಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದರು.

“ಇಂಕು ಸ್ವಲ್ಪವೇ ಇದೆ ಅಬ್ಬಾ. ಹೊಸದು ತರ್ಸಿ ಕೊಡ್ತೀನಿ, ಉಳಿದದ್ದು ನೀವೇ ತೆಗೀರಿ,” ಎಂದು ಹೇಳಿ ನಿಲೋಫರ್ ಊರಿಗೆ ಹೋದಳು.

ಇಂಕು ಬರುವಷ್ಟರಲ್ಲಿ ಮೊದಲ ಗುಡುಗುಮಳೆ ಬಂತು. ಒಂದು ಸಿಡಿಲಿಗೆ ಬೀದಿಯ ಅರ್ಧ ಮನೆಗಳ ಇಂಟರ್ನೆಟ್ ಪೆಟ್ಟಿಗೆ ಸುಟ್ಟುಹೋಯಿತು. ಕೇಬಲ್ಲಿನವರು ಬಂದು ಹೊಸ ಪೆಟ್ಟಿಗೆ ಕೂರಿಸಿ, ಫೋನಿಗೂ ಲ್ಯಾಪ್‌ಟಾಪಿಗೂ ಹೊಸ ಪಾಸ್‌ವರ್ಡ್ ಹಾಕಿಕೊಟ್ಟು ಹೋದರು. ಮರುದಿನ ಇಂಕು ಬಂತು. ಊಟ ಮುಗಿಸಿ, ಹೆಂಡತಿಗೆ ಗಂಜಿ ಉಣಿಸಿ, ಬಾಯಿ ಒರೆಸಿ, ಜಹೀರ್ ಸಾಹೇಬರು ಮುಂದಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದು ಮಗಳು ತೋರಿಸಿದ ಜಾಗದಲ್ಲಿ ಒತ್ತಿದರು.

ಪರದೆಯ ಮೇಲೆ ನೀಲಿ ಬಳೆಯೊಂದು ತಿರುಗಿತು. ಪ್ರಿಂಟರ್ ಸಿಗಲಿಲ್ಲ ಎಂದು ಇಂಗ್ಲಿಷಿನಲ್ಲಿ ಬಂತು.

ಸಿಗದೆ ಎಲ್ಲಿಗೆ ಹೋಗುತ್ತದೆ, ಮೊಳದ ದೂರದಲ್ಲೇ ಇದೆ. ದೀಪವೂ ಮಿನುಗುತ್ತಿದೆ. ಎರಡನ್ನೂ ಆರಿಸಿ ಹೊತ್ತಿಸಿದರು. ಲ್ಯಾಪ್‌ಟಾಪನ್ನು ಎತ್ತಿ ಪ್ರಿಂಟರಿನ ಪಕ್ಕಕ್ಕೇ ತಂದಿಟ್ಟರು. ಮತ್ತೆ ನೀಲಿ ಬಳೆ ತಿರುಗಿ ಅದೇ ಸಾಲು ಬಂತು. ಪ್ರಿಂಟರ್ ಕಂಪನಿಯ ನಂಬರಿಗೆ ಫೋನ್ ಮಾಡಿದರೆ, ಒಂದು ಒತ್ತಿ, ಎರಡು ಒತ್ತಿ ಎಂದು ಹಿಂದಿಯಲ್ಲಿ ಹೇಳಿ, ಸಂಗೀತ ಕೇಳಿಸಿ, ಲೈನು ಕಡಿದುಹೋಯಿತು. ನಿಲೋಫರಳಿಗೆ ಮಾಡಿದರು. ಅವಳ ಹಿಂದೆ ಸೊಸೈಟಿಯ ಜನರ ಗಲಾಟೆ ಕೇಳುತ್ತಿತ್ತು.

“ಅಬ್ಬಾ, ಬಲಗಡೆ ಕೆಳಗೆ ಬೀಸಣಿಗೆ ಥರದ್ದೊಂದು ಗುರುತು ಇದ್ಯಲ್ಲ, ಅದನ್ನ ಒತ್ತಿ. ಏನು ಹೆಸರು ಬಂತು?”

“ಏನೇನೋ ಅಕ್ಷರ, ಏನೇನೋ ನಂಬರು.”

“ನಮ್ಮ ಮನೆ ಹೆಸರಿಲ್ವಾ?”

“ಇಲ್ಲ.”

“ಹಾಗಾದ್ರೆ ಏನೋ ಬದಲಾಗಿದೆ. ಕೇಬಲ್ಲಿನವ್ರನ್ನೇ ಕರೀರಿ ಅಬ್ಬಾ. ನಂಗೆ ಇಲ್ಲಿ ಕೌಂಟರಿನಲ್ಲಿ ಜನ ನಿಂತಿದಾರೆ.”

ಕೇಬಲ್ಲಿನವರಿಗೆ ಫೋನ್ ಮಾಡಿದರು. ಸಂಜೆಯೊಳಗೆ ಬರುತ್ತೇವೆ ಎಂದರು. ಅಷ್ಟಾದ ಮೇಲೆ ಸುಮ್ಮನಿರಬಹುದಿತ್ತು. ಆದರೆ ಮನಸ್ಸು ಕೇಳಲಿಲ್ಲ. ಇನ್ನೊಮ್ಮೆ ಒತ್ತಿದರೆ ಬಂದೀತು ಎನಿಸುತ್ತಿತ್ತು.

ಆಗ ಒಳಗಿನಿಂದ ಕೂಗು ಬಂತು. “ಬಸ್.”

ಎದ್ದು ಹೋದರು. ಶಮ್ಸುನ್ನಿಸಾ ದಿಂಬಿನಿಂದ ತಲೆ ಎತ್ತಲು ನೋಡುತ್ತಿದ್ದಳು. ನೀರು ಹಿಡಿದರು, ಲೋಟವನ್ನು ಕೈಯಿಂದ ತಳ್ಳಿದಳು. ಬಚ್ಚಲಿಗೆ ಹೋಗಬೇಕೇ ಎಂದು ಕೇಳಿದರು, ಅದೂ ಅಲ್ಲ. ಫ್ಯಾನ್ ಜೋರು ಮಾಡಿದರು, ಕಡಿಮೆ ಮಾಡಿದರು. ಅವಳು ಎಡಗೈಯನ್ನು ಹಣೆಯ ಹತ್ತಿರ ತಂದು, ಆಮೇಲೆ ಕಿಟಕಿಯ ಕಡೆ ಬೀಸಿದಳು. ಬೆಳಕು ಕಣ್ಣಿಗೆ ಹೊಡೆಯುತ್ತಿರಬೇಕು ಎಂದುಕೊಂಡು ಪರದೆ ಎಳೆದರು. ಅವಳು ಅವರ ಅಂಗಿಯನ್ನು ಹಿಡಿದು ಜಗ್ಗಿದಳು. “ಬಸ್, ಬಸ್, ಬಸ್.” ಸಿಟ್ಟೋ ಅಳುವೋ, ಮುಖ ಕೆಂಪಾಗಿತ್ತು.

“ಸ್ವಲ್ಪ ತಡಿ ಶಮ್ಸು. ಆ ಚಿತ್ರ ಒಂದು ಬಂದುಬಿಟ್ರೆ ನಿಂಗೇನು ಬೇಕು ಅಂತ ಗೊತ್ತಾಗ್ತದೆ. ಅದಕ್ಕೇ ಕೂತಿದ್ದೇನೆ,” ಎಂದು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕೈಯನ್ನು ಹೊದಿಕೆಯ ಮೇಲೆ ಇಟ್ಟು, ಮತ್ತೆ ಮುಂದಿನ ಕೋಣೆಗೆ ಬಂದರು.

ಇನ್ನೆರಡು ಸಲ ಕೂಗಿದಳು. ಎರಡು ಸಲವೂ ಹೋದರು. ಎರಡನೆಯ ಸಲ ಬಾಗಿಲಲ್ಲೇ ನಿಂತು, “ಬಂದೆ, ಬಂದೆ,” ಎಂದು ಹಿಂದಿರುಗಿದರು. ಆಮೇಲೆ ಕೂಗು ನಿಂತಿತು. ಇಣುಕಿ ನೋಡಿದರೆ ಕಣ್ಣು ಮುಚ್ಚಿತ್ತು, ಉಸಿರು ಸರಾಗವಾಗಿತ್ತು. ನಿದ್ದೆ ಬಂತಲ್ಲ ಎಂದು ಅವರಿಗೆ ಸಮಾಧಾನವೇ ಆಯಿತು.

ಸಂಜೆ ಕೇಬಲ್ಲಿನ ಶಿವಪುತ್ರಪ್ಪ ಬಂದ. ಮುಂಡಗೋಡದ ಕಡೆಯವನು. ಬಂದವನೇ ಪ್ರಿಂಟರಿನ ಮುಂದೆ ಕೂತು ಮಿನುಗುವ ದೀಪವನ್ನು ನೋಡಿ ನಕ್ಕ.

“ಸಾಹೇಬ್ರ, ಸಿಡಿಲಿಗೆ ನಿಮ್ಮ ಹಳೇ ಪೆಟ್ಟಿಗಿ ಹೋತು. ಹೊಸಾದಕ್ಕ ಬ್ಯಾರೇ ಹೆಸರೈತ್ರಿ. ಲ್ಯಾಪ್‌ಟಾಪಿಗೆ ಅದನ್ನ ಹೇಳೇವಿ, ಈ ಪ್ರಿಂಟರಿಗೆ ಯಾರೂ ಹೇಳಿಲ್ಲ. ಅದು ಇನ್ನೂ ಹಳೇದನ್ನ ಹುಡುಕ್ಕೋಂತ ಕುಂತೈತಿ.”

ಒಂದು ಗುಂಡಿಯನ್ನು ಒತ್ತಿ ಹಿಡಿದ, ಮೊಬೈಲಿನಲ್ಲಿ ಏನೋ ಮಾಡಿದ. ದೀಪ ಮಿನುಗುವುದನ್ನು ಬಿಟ್ಟು ಸ್ಥಿರವಾಯಿತು. “ಈಗ ಒತ್ರಿ.” ಒತ್ತಿದರು. ಪ್ರಿಂಟರ್ ಒಳಗೇ ಗೊರಗೊರ ಎಂದು ಹಾಳೆಯನ್ನು ಎಳೆದುಕೊಂಡಿತು. ಮಂಚ ಬಂತು, ಫ್ಯಾನ್ ಬಂತು, ಮಾತ್ರೆ ಡಬ್ಬಿ ಬಂತು, ನಿಲೋಫರ್ ಬಂದಳು. ಬಚ್ಚಲಿನ ಚಿತ್ರ ಬರುವಾಗ ಜಹೀರ್ ಸಾಹೇಬರು ಅದನ್ನು ಬೋರಲಾಗಿಸಿ ತೆಗೆದಿಟ್ಟುಕೊಂಡರು. ಶಿವಪುತ್ರಪ್ಪ ಚಹಾವನ್ನೂ ಕುಡಿಯದೆ, “ಇನ್ನೊಂದು ಮನಿ ಐತ್ರಿ, ಬರ್ತೇನ್ರಿ,” ಎಂದು ಹೋದ.

ಹೆಂಡತಿಯ ಬಟ್ಟೆ ಕತ್ತರಿಯನ್ನೇ ತೆಗೆದು ಚಿತ್ರಗಳನ್ನು ಕತ್ತರಿಸಿದರು. ಕಾಗದ ಕತ್ತರಿಸಿದರೆ ಕತ್ತರಿ ಮೊಂಡಾಗುತ್ತದೆ ಎಂದು ಅವಳು ಯಾರಿಗೂ ಅದನ್ನು ಮುಟ್ಟಲು ಬಿಡುತ್ತಿರಲಿಲ್ಲ. ಅವಳು ಎಚ್ಚರವಾದಾಗ ಒರಗಿಸಿ ಕೂರಿಸಿ, ಹೊದಿಕೆಯ ಮೇಲೆ ಎಲ್ಲವನ್ನೂ ಹರಡಿದರು.

“ಹೇಳು ಈಗ. ಮಧ್ಯಾಹ್ನ ಏನು ಕೇಳಿದ್ದಿ?”

ಶಮ್ಸುನ್ನಿಸಾ ಚಿತ್ರಗಳನ್ನು ನೋಡಿದಳು. ನಿಲೋಫರಳ ಚಿತ್ರವನ್ನು ಎತ್ತಿಕೊಂಡಳು, ಹಿಂದೆ ತಿರುಗಿಸಿ ಖಾಲಿ ಕಾಗದವನ್ನು ಸವರಿದಳು, ಕೆಳಗಿಟ್ಟಳು. ನೀರು ಬೇಕಾದರೆ ತೋರಿಸು ಎಂದಾಗ ಮಂಚವನ್ನು ಮುಟ್ಟಿದಳು. ನಿಲೋಫರ್ ಎಲ್ಲಿ ಎಂದಾಗ ಫ್ಯಾನನ್ನು ಮುಟ್ಟಿದಳು. ಕೊನೆಗೆ ಜಹೀರ್ ಸಾಹೇಬರು ನಿಜವಾದ ಲೋಟವನ್ನೇ ಒಂದು ಕೈಯಲ್ಲೂ ಅದರ ಚಿತ್ರವನ್ನು ಇನ್ನೊಂದು ಕೈಯಲ್ಲೂ ಹಿಡಿದರು. ಅವಳು ಎರಡನ್ನೂ ಬಿಟ್ಟು ಅವರ ಮುಖವನ್ನು ನೋಡುತ್ತಿದ್ದಳು. ಯಾರೋ ಒಳ್ಳೆಯವರು ಮನೆಗೆ ಬಂದಿದ್ದಾರೆ ಎನ್ನುವ ಹಾಗೆ.

ದಣಿದಿರಬೇಕು ಎಂದುಕೊಂಡರು. ಮರುದಿನವೂ ಹಾಗೆಯೇ ಆಯಿತು. ಅದರ ಮರುದಿನ ಅಭಿಜ್ಞಾ ಬರುವ ದಿನ, ಪಕ್ಕದ ಬೀದಿಯ ಉಲ್ಲಾಸನ ರಿಕ್ಷಾದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಭಿಜ್ಞಾ ಬಾಗಿಲು ಕೇಳಿದಳು, ಕಿಟಕಿ ಕೇಳಿದಳು. ಶಮ್ಸುನ್ನಿಸಾ ನಗುತ್ತ ಕೂತಿದ್ದಳು. ಅಭಿಜ್ಞಾ ಎದ್ದು ಡಾಕ್ಟರನ್ನು ಕರೆತಂದಳು. ತಲೆಯ ಸ್ಕ್ಯಾನ್ ಆಯಿತು.

“ಮೆದುಳಿನ ಎಡಗಡೆನೇ ಇನ್ನೊಂದು ಸಣ್ಣ ಸ್ಟ್ರೋಕ್ ಆಗಿದೆ ಸಾಹೇಬ್ರೇ, ಹಿಂಭಾಗದಲ್ಲಿ. ಮಾತು ಅರ್ಥ ಆಗೋ ಜಾಗ ಅದು,” ಎಂದರು ಡಾಕ್ಟರು.

“ಯಾವಾಗ ಆಗಿದ್ದು?”

“ಇಷ್ಟೇ ದಿನ ಅಂತ ಹೇಳೋಕಾಗೋದಿಲ್ಲ. ಈಚೆಗೆ ಆಗಿದ್ದು. ತಲೆ ನೋವು ಗೀವು ಅಂತ ಏನಾದ್ರೂ ತೋರಿಸಿದ್ರಾ?”

ಆ ಮಧ್ಯಾಹ್ನ ಹಣೆಯ ಹತ್ತಿರ ಬಂದ ಅವಳ ಕೈ ಜಹೀರ್ ಸಾಹೇಬರ ಕಣ್ಣ ಮುಂದೆ ಇತ್ತು. ಅದು ನೋವೇ ಆಗಿತ್ತೋ, ಬೆಳಕೇ ಆಗಿತ್ತೋ, ಸೊಳ್ಳೆಯೋ. ಕೇಳೋಣವೆಂದರೆ, ಹೇಳಬೇಕಾದವಳಿಗೆ ಈಗ ಪ್ರಶ್ನೆಯೇ ತಲುಪುವುದಿಲ್ಲ.

“ಕೂಡ್ಲೇ ತಂದಿದ್ರೆ?” ಎಂದು ಕೇಳಿದರು.

“ಏನಾದ್ರೂ ಮಾಡಬಹುದಿತ್ತೇನೋ. ಆಗದೇನೂ ಇರಬಹುದಿತ್ತು,” ಎಂದರು ಡಾಕ್ಟರು. ಒಳ್ಳೆಯ ಮನುಷ್ಯ, ಸುಳ್ಳು ಹೇಳಲಿಲ್ಲ.

ವಿಷಯ ತಿಳಿದು ನಿಲೋಫರ್ ಓಡಿ ಬಂದಳು. ಅಪ್ಪ ಆ ಮಧ್ಯಾಹ್ನದ ಕಥೆಯನ್ನು ಅಷ್ಟೂ ಹೇಳಿದರು. “ಅಬ್ಬಾ, ಅದೇ ದಿನ ಆಯ್ತು ಅಂತ ಯಾರು ಹೇಳಿದ್ರು? ಮಲಗಿದ್ದಾಗ ಆಗಿರಬಹುದು, ಮರುದಿನ ಆಗಿರಬಹುದು. ಪ್ರಿಂಟರ್ ತಂದವಳು ನಾನು, ಹಾಗಾದ್ರೆ ನಂದೂ ತಪ್ಪೇ,” ಎಂದಳು. ಅವರು ತಲೆಯಾಡಿಸಿದರು. ಮಗಳು ಹೇಳುವುದು ಸರಿ ಎಂದು ಅವರಿಗೂ ಗೊತ್ತಿತ್ತು. ಸರಿ ಎಂದು ಗೊತ್ತಾದದ್ದರಿಂದ ಏನೂ ಹಗುರವಾಗಲಿಲ್ಲ.

ಅಭಿಜ್ಞಾ ಇನ್ನೂ ಕೆಲವು ವಾರ ನೋಡಿದಳು. ಕೊನೆಗೆ ಒಂದು ದಿನ, “ಅಂಕಲ್, ಪ್ರತಿ ವಾರ ಇಷ್ಟು ಕಷ್ಟಪಟ್ಟು ಕರ್ಕೊಂಡು ಬರೋದು ಬೇಡ. ಏನಾದ್ರೂ ಬದಲಾದ್ರೆ ಫೋನ್ ಮಾಡಿ,” ಎಂದಳು. ಹೇಳುವಾಗ ಅವಳ ಕಣ್ಣು ನೆಲ ನೋಡುತ್ತಿತ್ತು. ಚಿಕ್ಕ ಹುಡುಗಿ, ಇಂಥದ್ದನ್ನು ಹೇಳಿ ರೂಢಿಯಾಗಿರಲಿಲ್ಲ. ಜಹೀರ್ ಸಾಹೇಬರೇ, “ಆಗ್ಲಮ್ಮಾ, ನೀನು ಬಹಳ ಮಾಡಿದ್ದಿ,” ಎಂದು ಸಮಾಧಾನ ಹೇಳಿ ಬಂದರು.

ಲ್ಯಾಪ್‌ಟಾಪ್, ಪ್ರಿಂಟರ್ ಎರಡನ್ನೂ ನಿಲೋಫರ್ ಸಿದ್ದಾಪುರಕ್ಕೆ ಒಯ್ದಳು. ಇಬ್ಬರೂ ತನ್ನ ಜೊತೆಗೇ ಬಂದು ಇರಿ ಎಂದು ಕರೆದಳು. ಅವರು ಹೋಗಲಿಲ್ಲ. ಇಲ್ಲಿ ಈ ಮಂಚ, ಈ ಗೋಡೆ ಇದ್ದರೆ ಅವಳು ಹೆದರದೆ ಇರುತ್ತಾಳೆ. ಬೇರೆ ಕೋಣೆಯಲ್ಲಿ ಮಲಗಿಸಿದರೆ ಬೆದರಿ ಕೂಗುತ್ತಾಳೆ ಎನ್ನುವುದನ್ನು ಆಸ್ಪತ್ರೆಯಲ್ಲಿ ನೋಡಿದ್ದರು.

ಈಗ ಅವರ ದಿನವೆಂದರೆ ಅವಳ ಮಗ್ಗುಲು ಬದಲಿಸುವುದು, ಬಟ್ಟೆ ಬದಲಿಸುವುದು, ಗಂಜಿ, ಮಾತ್ರೆ. ಮೊದಲು ಆಗಾಗ ಬಂದು ಕೂತು ಹೋಗುತ್ತಿದ್ದ ರವಿಕೆಯ ಗಿರಾಕಿಗಳು ನಿಧಾನವಾಗಿ ಬರುವುದನ್ನು ಬಿಟ್ಟರು. ಉತ್ತರ ಬಾರದ ಕಡೆ ಎಷ್ಟು ಹೊತ್ತು ಕೂತಿರಲಾಗುತ್ತದೆ. ದೊಡ್ಮನೆ ಕಡೆಯ ಸೀತಕ್ಕ ಮಾತ್ರ ಪೇಟೆಗೆ ಬಂದಾಗ ಇಣುಕುತ್ತಾರೆ. ಮೊನ್ನೆಯೂ ಬಂದಿದ್ದರು, ಎರಡು ಲಿಂಬೆಹಣ್ಣು ತಂದಿದ್ದರು.

“ಎಂತ ಸಾಹೇಬ್ರೇ, ಹ್ಯಾಂಗಿದ್ದಾರೆ?” ಎಂದು ಬಾಗಿಲಲ್ಲೇ ಕೇಳಿದರು.

“ಇದ್ದಾಳೆ,” ಎಂದರು ಜಹೀರ್ ಸಾಹೇಬರು.

ಸೀತಕ್ಕ ಒಳಗೆ ಹೋಗಿ ಮಂಚದ ಅಂಚಿಗೆ ಕೂತರು. ಶಮ್ಸುನ್ನಿಸಾ ಅವರ ಸೀರೆಯ ಸೆರಗನ್ನು ಎಡಗೈಯಲ್ಲಿ ಹಿಡಿದು, ಬೆರಳ ನಡುವೆ ಉಜ್ಜಿ ಉಜ್ಜಿ ನೋಡಿ, ಬಿಟ್ಟಳು. ಸ್ವಲ್ಪ ಹೊತ್ತಿಗೆ ಅವಳಿಗೆ ಜೊಂಪು ಹತ್ತಿತು. ಸೀತಕ್ಕ ಬಸ್ಸಿಗೆ ಹೊತ್ತಾಯಿತು ಎಂದು ಎದ್ದರು. ಜಹೀರ್ ಸಾಹೇಬರು ಅವರನ್ನು ಗೇಟಿನವರೆಗೆ ಕಳಿಸಿ, ಒಳಗೆ ಬಂದು, ಗಂಜಿಗೆ ಅಕ್ಕಿ ತೊಳೆದಿಟ್ಟರು.